ನುಡಿದದ್ದು ನಡೆಯಿತೇ?

ಯುಗಾದಿಯ ಸಂಜೆ ಗುಡಿಯ ಕಟ್ಟೆಯ ಮೇಲೆ ಪಂಚಾಂಗ ಬಿಚ್ಚುವ ಪದ್ಧತಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಈ ವರ್ಷ ಮಳೆ ಎಷ್ಟು ಕೊಳಗ, ಯಾವ ಧಾನ್ಯಕ್ಕೆ ಬೆಲೆ ಏರುತ್ತದೆ, ಯಾವ ರಾಶಿಗೆ ಆಯವೆಷ್ಟು ವ್ಯಯವೆಷ್ಟು ಎಂಬುದನ್ನು ಊರು ಕಿವಿಗೊಟ್ಟು ಕೇಳುತ್ತದೆ. ಗಡಿಸೀಮೆಯವರಿಗೆ ಈ ಭಾಗ್ಯ ಇಮ್ಮಡಿ. ತೆಲುಗಿನ ಕಡೆಯಿಂದ ಪೋತುಲೂರಿ ವೀರಬ್ರಹ್ಮಂ ಅವರ ಕಾಲಜ್ಞಾನ ಬರುತ್ತದೆ. ಕನ್ನಡದ ಕಡೆಯಿಂದ ಕೊಡೇಕಲ್ ಬಸವಣ್ಣನವರ ಕಾಲಜ್ಞಾನ ವಚನಗಳು ಬರುತ್ತವೆ. ಆಷಾಢದ ಬೋನಾಲು ಮುಗಿದ ಮರುದಿನ ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿ ಗುಡಿಯಲ್ಲಿ ಹಸಿ ಮಡಕೆಯ ಮೇಲೆ ನಿಂತು ನುಡಿಯುವ ‘ರಂಗಂ’ ಟೀವಿಯಲ್ಲಿ ಕಾಣುತ್ತದೆ. ಮಾಘದ ಜಾತ್ರೆಯಲ್ಲಿ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿದ ಕಾರಣಿಕ ಅದೇ ಸಂಜೆ ಮೊಬೈಲಿಗೆ ಬಂದು ಸೇರುತ್ತದೆ. ಕ್ರೈಸ್ತ ಕುಟುಂಬಗಳ ಪ್ರಾರ್ಥನಾಕೂಟಗಳಲ್ಲಿ ದಾನಿಯೇಲನ ಗ್ರಂಥ, ಪ್ರಕಟನೆಯ ಗ್ರಂಥಗಳನ್ನು ಮುಂದಿಟ್ಟುಕೊಂಡು ಕಡೆಯ ದಿನಗಳ ಲೆಕ್ಕ ನಡೆಯುವುದುಂಟು.

ಇವೆಲ್ಲ ಕೇವಲ ಹೊತ್ತು ಕಳೆಯುವ ಮಾತಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಭವಿಷ್ಯದ ಮಾತನ್ನು ನಂಬಿ ಬೀಜ ಕೊಳ್ಳುವವರಿದ್ದಾರೆ, ಸಾಲ ಎತ್ತುವವರಿದ್ದಾರೆ, ಮಗಳ ಓದನ್ನು ನಿಲ್ಲಿಸಿ ಮದುವೆಯ ಮುಹೂರ್ತ ಹಿಡಿಯುವವರೂ ಇದ್ದಾರೆ. ಆದ್ದರಿಂದ ಮುಂದಾಗುವುದನ್ನು ಮೊದಲೇ ಹೇಳಲು ಬರುತ್ತದೆಯೇ, ಬಂದರೆ ಎಷ್ಟರ ಮಟ್ಟಿಗೆ, ಹೇಳಿದವರ ಮಾತನ್ನು ತೂಗುವ ತಕ್ಕಡಿ ಯಾವುದು ಎಂಬ ಪ್ರಶ್ನೆ ಮನೆಯೊಳಗಿನ ಪ್ರಶ್ನೆಯೇ ಆಗಿದೆ.

ಮುಂದಾಗುವುದನ್ನು ಹೇಳಲು ಬರುವುದೇ ಇಲ್ಲ ಎಂದು ವಾದಿಸುವುದು ತಪ್ಪು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕರ್ನಾಟಕವನ್ನು ಹಾದು, ರಾಯಚೂರಿನ ಮೇಲಿಂದ ಇಂದಿನ ತೆಲಂಗಾಣಕ್ಕೆ ಬಂತು. ಆ ನೆರಳು ಎಲ್ಲಿ ಬೀಳುವುದು, ಯಾವ ನಿಮಿಷಕ್ಕೆ ಬೀಳುವುದು ಎಂದು ವರ್ಷಗಳ ಮೊದಲೇ ಗೊತ್ತಿದ್ದುದರಿಂದ ಹೈದರಾಬಾದ್ ಸಮೀಪದ ಜಪಾಲ್-ರಂಗಾಪುರ ವೀಕ್ಷಣಾಲಯದಲ್ಲಿ ವಿಜ್ಞಾನಿಗಳು ಉಪಕರಣಗಳನ್ನು ಸಿದ್ಧಮಾಡಿಕೊಂಡು ಕಾದಿದ್ದರು. ಎಡ್ಮಂಡ್ ಹ್ಯಾಲಿ ಎಂಬ ಆಂಗ್ಲ ವಿಜ್ಞಾನಿ ಒಂದು ಧೂಮಕೇತು 1758ರ ಸುಮಾರಿಗೆ ಮರಳಿ ಬರುವುದೆಂದು ಹೇಳಿ 1742ರಲ್ಲಿ ತೀರಿಕೊಂಡ. ಧೂಮಕೇತು 1758ರ ಡಿಸೆಂಬರಿನಲ್ಲಿ ಕಾಣಿಸಿಕೊಂಡಿತು. ಹ್ಯಾಲಿಗೆ ಆ ಲೆಕ್ಕ ಸಾಧ್ಯವಾದದ್ದು ಐಸಾಕ್ ನ್ಯೂಟನ್ ಕೊಟ್ಟ ಗುರುತ್ವಾಕರ್ಷಣೆಯ ನಿಯಮದಿಂದ. ಅದೇ ನ್ಯೂಟನ್ ದಾನಿಯೇಲನ ಗ್ರಂಥದ ದಿನಗಳನ್ನೂ ಲೆಕ್ಕ ಹಾಕಿದವನು ಎಂಬುದು ಅನೇಕರಿಗೆ ತಿಳಿದಿಲ್ಲ. ಲೋಕಾಂತ್ಯವು 2060ಕ್ಕಿಂತ ಮೊದಲು ಆಗದು ಎಂದು ಅವನು ತನ್ನ ಖಾಸಗಿ ಕಾಗದಗಳಲ್ಲಿ ಬರೆದಿಟ್ಟ. ಪದೇ ಪದೇ ದಿನಾಂಕ ಸಾರುವವರ ಬಾಯಿ ಕಟ್ಟಿಸುವುದು ಅವನ ಉದ್ದೇಶವಾಗಿತ್ತು. ಒಂದೇ ತಲೆಯಿಂದ ಹೊರಟ ಎರಡು ಲೆಕ್ಕಗಳಲ್ಲಿ ಒಂದನ್ನು ಆಕಾಶ ದೃಢಪಡಿಸಿತು. ಇನ್ನೊಂದಕ್ಕೆ ಯಾವ ದುರ್ಬೀನೂ ಸಹಾಯಕ್ಕೆ ಬರದು.

ಗ್ರಹಗಳಿಗೆ ಮನಸ್ಸಿಲ್ಲ, ಭಯವಿಲ್ಲ, ಸಂತೆಯ ಸುದ್ದಿ ಕೇಳಿ ಅವು ದಾರಿ ಬದಲಿಸುವುದಿಲ್ಲ. ಮನುಷ್ಯರ ಸಂಗತಿ ಹಾಗಲ್ಲ. ಗ್ರಹಗಳ ಗಣಿತ ಸರಿಯಾಗಿರುವುದರಿಂದ ಗ್ರಹಫಲವೂ ಸರಿಯಾಗಿರಬೇಕೆಂಬ ಜಾರುಹಾದಿಯಲ್ಲಿ ದೇಶಕ್ಕೆ ದೇಶವೇ ಒಮ್ಮೆ ಜಾರಿತ್ತು. 1962ರ ಫೆಬ್ರವರಿಯಲ್ಲಿ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡುವುದೆಂದು ಪಂಚಾಂಗಗಳು ಹೇಳಿದವು, ಕೂಡಿದವು. ಅದರಿಂದ ಪ್ರಳಯವಾಗುವುದೆಂದು ಹೇಳಿದ್ದು ಮಾತ್ರ ಆಗಲಿಲ್ಲ. ಊರೂರಿನಲ್ಲಿ ಹೋಮಗಳಾದವು, ತುಪ್ಪ ಉರಿಯಿತು, ಮರುದಿನ ಎಂದಿನಂತೆ ಬೆಳಗಾಯಿತು.

ಈಗ ಕಾಲಜ್ಞಾನಕ್ಕೆ ಬರೋಣ. 1565ರಲ್ಲಿ ರಕ್ಕಸತಂಗಡಿಯ ಯುದ್ಧದ ಬಳಿಕ ವಿಜಯನಗರ ಹಾಳಾಯಿತು. ಆ ದುಃಖದ ನಂತರದ ಕಾಲದಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಕಾಲಜ್ಞಾನದ ಮಾತುಗಳು ಬಹಳವಾಗಿ ಹಬ್ಬಿದವು. ವೀರವಸಂತರಾಯ ಎಂಬ ಅರಸ ಬರುತ್ತಾನೆ, ಧರ್ಮವನ್ನು ಮತ್ತೆ ನಿಲ್ಲಿಸುತ್ತಾನೆ ಎಂಬ ನಿರೀಕ್ಷೆ ಎರಡೂ ಭಾಷೆಗಳ ಕಾಲಜ್ಞಾನದ ಜೀವಾಳ. ನಾಲ್ಕು ಶತಮಾನ ಕಳೆದಿವೆ, ವಸಂತರಾಯ ಬಂದಿಲ್ಲ. ಕಾದವರಿಗೆ ಬೇಸರವೂ ಬಂದಿಲ್ಲ. ನೊಂದ ಜನಕ್ಕೆ ಅದು ಕೊಟ್ಟ ಧೈರ್ಯವನ್ನು ಹಗುರಾಗಿ ಕಾಣಬಾರದು. ಅನ್ಯಾಯದ ಅರಸನನ್ನು ನೇರವಾಗಿ ಬೈಯಲಾಗದ ಕಾಲದಲ್ಲಿ ‘ಮುಂದೆ ಹೀಗಾಗುವುದು’ ಎಂದು ಹೇಳುವುದೇ ಒಂದು ಬಗೆಯ ಟೀಕೆಯೂ ಆಗಿತ್ತು. ಕಾಲಜ್ಞಾನವನ್ನು ಹಾಗೆ ಓದಿದರೆ ಅದರಲ್ಲಿ ಆ ಕಾಲದ ಬಡವರ ಬದುಕು ಕಾಣುತ್ತದೆ.

ಆದರೆ ಮುನ್ಸೂಚನೆಯೆಂದು ಓದುವಾಗ ಎಚ್ಚರ ಬೇಕು. ವಿದ್ಯಾರಣ್ಯರ ಹೆಸರಿನಲ್ಲಿ ಒಂದು ಕಾಲಜ್ಞಾನವಿದೆ. 1919ರಲ್ಲಿ ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ ಅವರು ಪ್ರಕಟಿಸಿದ ವಿಜಯನಗರದ ಇತಿಹಾಸದ ಆಕರಸಂಗ್ರಹದಲ್ಲಿ ಅದರ ಭಾಗಗಳನ್ನು ಕಾಣಬಹುದು. ವಿದ್ಯಾರಣ್ಯರು 14ನೇ ಶತಮಾನದವರು. ಗ್ರಂಥವಾದರೋ ಅವರ ನಂತರದ ಅರಸರನ್ನು ಸಾಲಾಗಿ ‘ಮುಂದೆ ಬರುವರು’ ಎಂದು ಹೇಳುತ್ತಾ ಹೋಗುತ್ತದೆ. ನಡೆದುಹೋದ ಸಂಗತಿಯನ್ನು ಹಿಂದಿನ ಮಹಾಪುರುಷರೊಬ್ಬರ ಬಾಯಿಂದ ಭವಿಷ್ಯದ ರೂಪದಲ್ಲಿ ಹೇಳಿಸುವ ಈ ಕ್ರಮ ಇತಿಹಾಸಕಾರರಿಗೆ ಪರಿಚಿತವಾದದ್ದೇ. ಇದನ್ನು ಗುರುತಿಸುವ ಒಂದು ಸುಲಭ ಉಪಾಯವುಂಟು: ಭವಿಷ್ಯವಾಣಿ ಯಾವ ಇಸವಿಯವರೆಗೆ ಹೆಸರುಹಿಡಿದು ಖಚಿತವಾಗಿ ಮಾತಾಡುತ್ತದೆ, ಯಾವ ಇಸವಿಯ ನಂತರ ಮಂಜುಮಂಜಾಗುತ್ತದೆ ಎಂದು ನೋಡಬೇಕು. ಬರೆದವನು ಬದುಕಿದ್ದ ಕಾಲ ಆ ಎರಡರ ಸಂಧಿಯಲ್ಲಿ ಸಿಗುತ್ತದೆ.

ಇದೇ ತಕ್ಕಡಿಯನ್ನು 3ನೇ ಶತಮಾನದಲ್ಲಿ ಪೋರ್ಫಿರಿ ಎಂಬ ಗ್ರೀಕ್ ತತ್ತ್ವಜ್ಞಾನಿ ದಾನಿಯೇಲನ ಗ್ರಂಥಕ್ಕೆ ಹಿಡಿದಿದ್ದ. ಆ ಗ್ರಂಥದ 11ನೇ ಅಧ್ಯಾಯ ಉತ್ತರ, ದಕ್ಷಿಣದ ಅರಸರ ಯುದ್ಧಗಳನ್ನು ಬೆರಗಾಗುವಷ್ಟು ವಿವರವಾಗಿ ಹೇಳುತ್ತದೆ. ಸಿರಿಯಾದ ಅರಸ ನಾಲ್ಕನೇ ಅಂತಿಯೋಕನ ಕಾಲದವರೆಗೆ ಆ ವಿವರ ಇತಿಹಾಸಕ್ಕೆ ಹೊಂದುತ್ತದೆ, ಕ್ರಿ.ಪೂ. 164ರಲ್ಲಿ ಅವನು ಸತ್ತ ಬಗೆಯ ವಿಷಯದಲ್ಲಿ ಹೊಂದುವುದಿಲ್ಲ. ಆದ್ದರಿಂದ ಗ್ರಂಥ ಅವನ ಕಾಲದಲ್ಲೇ ರಚಿತವಾಯಿತೆಂದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದು ಬಾಬೆಲಿನ ಸೆರೆಯ ಕಾಲದ್ದೇ, ಉಳಿದ ಮಾತು ಇನ್ನೂ ನೆರವೇರಬೇಕಾದದ್ದು ಎಂದು ನಂಬುವ ಭಕ್ತರೂ ಪಂಡಿತರೂ ಇದ್ದಾರೆ. ಆ ನಂಬಿಕೆ ಅವರ ಹಕ್ಕು. ಆದರೆ ‘ಇನ್ನೂ ನೆರವೇರಬೇಕು’ ಎಂಬ ಉತ್ತರಕ್ಕೆ ಸೋಲೆಂಬುದೇ ಇಲ್ಲ, ಆದ್ದರಿಂದ ಪುರಾವೆಯೆಂಬ ಲೆಕ್ಕದಲ್ಲಿ ಅದಕ್ಕೆ ಗೆಲುವೂ ಇಲ್ಲ.

ಹಾಗೆ ನೋಡಿದರೆ, ಪ್ರವಾದಿಗಳನ್ನು ತೂಗುವ ಕಠಿಣವಾದ ತಕ್ಕಡಿ ಸತ್ಯವೇದದಲ್ಲಿಯೇ ಇದೆ. ಧರ್ಮೋಪದೇಶಕಾಂಡದ 18ನೇ ಅಧ್ಯಾಯದ ಪ್ರಕಾರ, ದೇವರ ಹೆಸರಿನಲ್ಲಿ ನುಡಿದ ಮಾತು ನಡೆಯದಿದ್ದರೆ ಅದು ದೇವರ ಮಾತಲ್ಲ. ಅಂಥ ಪ್ರವಾದಿಗೆ ಹೆದರಬೇಕಾಗಿಲ್ಲ. ಯೆರೆಮೀಯನ ಗ್ರಂಥದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷಗಳಲ್ಲಿ ಬಾಬೆಲಿನ ನೊಗ ಮುರಿಯುವುದೆಂದು ಜನರಿಗೆ ಹಿತವಾದ ಮಾತು ಹೇಳಿದ. ಯೆರೆಮೀಯ ಎಪ್ಪತ್ತು ವರ್ಷವೆಂಬ ಕಹಿ ಮಾತು ಹೇಳಿದ. ಎರಡು ವರ್ಷ ಕಳೆದರೂ ನೊಗ ಮುರಿಯಲಿಲ್ಲ. ಬದಲಾಗಿ ಕೆಲವು ವರ್ಷಗಳಲ್ಲಿ ಯೆರೂಸಲೇಮೇ ಬಿತ್ತು. ಜನಕ್ಕೆ ಬೇಕಾದದ್ದನ್ನು ಹೇಳುವ ಪ್ರವಾದಿಯನ್ನೇ ಹೆಚ್ಚು ಶಂಕಿಸಬೇಕೆಂಬ ಆ ಗ್ರಂಥದ ವಿವೇಕ ಟೀವಿ ಜ್ಯೋತಿಷಿಗಳ ಕಾಲಕ್ಕೂ ಸಲ್ಲುತ್ತದೆ. ಯೆಹೆಜ್ಕೇಲನ ಗ್ರಂಥ ಇನ್ನೂ ಪ್ರಾಮಾಣಿಕ. ನೆಬೂಕದ್ನೆಚ್ಚರನು ತೂರ್ ಪಟ್ಟಣವನ್ನು ಸೂರೆಗೊಳ್ಳುವನೆಂದು 26ನೇ ಅಧ್ಯಾಯ ಹೇಳಿದರೆ, ಅಷ್ಟೆಲ್ಲ ದುಡಿದರೂ ಅವನ ದಂಡಿಗೆ ಅಲ್ಲಿ ಕೂಲಿ ಗಿಟ್ಟಲಿಲ್ಲವೆಂದು 29ನೇ ಅಧ್ಯಾಯ ಒಪ್ಪಿಕೊಳ್ಳುತ್ತದೆ. ಆ ಮಾತನ್ನು ಅಳಿಸದೆ ಉಳಿಸಿಕೊಂಡು ಬಂದವರಿಗೆ ಕೈ ಮುಗಿಯಬೇಕು.

ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದೆಂದು ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯ ಸ್ಪಷ್ಟವಾಗಿ ಹೇಳಿದ್ದರೂ ದಿನ ಗೊತ್ತುಮಾಡಿದವರು ಕಡಿಮೆಯಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ 2300 ದಿನಗಳನ್ನು ವರ್ಷಗಳೆಂದು ಎಣಿಸಿದ. ಅವನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂಬ ದಿನಕ್ಕೆ ಬಂದು ನಿಂತರು. ಆ ವರ್ಷ ಪೈರು ಕೊಯ್ಯದೆ ಹೊಲದಲ್ಲಿ ಬಿಟ್ಟವರಿದ್ದರು. 2011ರ ಮೇ 21 ಎಂದು ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಪ್ರಚಾರಕ ಸಾರಿದ. ದಿನ ತಪ್ಪಿದಾಗ ಅಕ್ಟೋಬರ್ ಎಂದ. ಅದೂ ತಪ್ಪಿದ ಮೇಲೆ ದಿನ ಹೇಳಿದ್ದೇ ಪಾಪವೆಂದು ಒಪ್ಪಿಕೊಂಡ. ತೆಲುಗು ಕಾಲಜ್ಞಾನದ ಅಭಿಮಾನಿಗಳು ಈ ವಿಷಯದಲ್ಲಿ ಜಾಣರು, ಅವರು ದಿನಾಂಕದ ಗೊಡವೆಗೆ ಹೋಗುವುದು ಕಡಿಮೆ. 2020ರಲ್ಲಿ ಕೊರೊನಾ ಬಂದಾಗ ಅದನ್ನು ವೀರಬ್ರಹ್ಮಂ ಅವರೇ ಹೇಳಿದ್ದರೆಂದು ಒಂದು ಪದ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆ ಪದ್ಯವನ್ನು ಆಧಾರವಾಗಿಟ್ಟುಕೊಂಡು 2019ರಲ್ಲಿ ಯಾವ ದವಾಖಾನೆಯಲ್ಲಿ ಒಂದು ಹಾಸಿಗೆ ಹೆಚ್ಚಾಗಿತ್ತು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಆದ ಮೇಲೆ ಅರ್ಥವಾಗುವ ಭವಿಷ್ಯದಿಂದ ಒಕ್ಕಲಿಗನಿಗೆ ಏನು ಪ್ರಯೋಜನ?

ಒಕ್ಕಲಿಗನ ಮುಖ್ಯ ಪ್ರಶ್ನೆ ಮಳೆ. ಇಲ್ಲಿ ಹಳಬರ ತಿಳಿವಳಿಕೆಗೆ ಗೌರವ ಸಲ್ಲಬೇಕು. ಮಳೆ ನಕ್ಷತ್ರಗಳು ಸೂರ್ಯನ ಗತಿಗೆ ಕಟ್ಟಿದವು. ಮೃಗಶಿರಾ ಪ್ರತಿವರ್ಷ ಜೂನ್ 7-8ರ ಸುಮಾರಿಗೇ ಹುಟ್ಟುತ್ತದೆ, ಮುಂಗಾರು ಈ ಸೀಮೆಗೆ ಬರುವುದೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲಿ. ಅದು ದಿವ್ಯದೃಷ್ಟಿಯಲ್ಲ, ತಲೆತಲಾಂತರದ ನೋಟದ ಸಾರ. ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿ, 1886ರಲ್ಲಿ ಮೊದಲ ಮುಂಗಾರು ಮುನ್ಸೂಚನೆ ಕೊಟ್ಟಿತು. ಹಿಮಾಲಯದ ಹಿಮ ಎಷ್ಟು ಎಂಬುದರ ಮೇಲೆ ಅದು ನಿಂತಿತ್ತು. ಇಲಾಖೆಯೂ ಎಡವಿದೆ. 2002ರಲ್ಲಿ ವಾಡಿಕೆಯ ಮಳೆಯೆಂದಿತು, ಬಂದದ್ದು ವಾಡಿಕೆಯ ಶೇ. 81. 2009ರಲ್ಲಿ ಏಪ್ರಿಲಿನಲ್ಲಿ ಶೇ. 96 ಎಂದಿತು, ಬಂದದ್ದು ಶೇ. 78. 2015ರಲ್ಲಿ ಜೂನ್ ತಿಂಗಳಲ್ಲಿ ಶೇ. 88 ಎಂದಾಗ ಬಂದದ್ದು ಶೇ. 86. ಈ ಸೋಲು ಗೆಲುವುಗಳು ಇಂದು ಯಾರು ಬೇಕಾದರೂ ಹೇಳಬಹುದಾದ ಅಂಕಿಗಳಾಗಿವೆ, ಏಕೆಂದರೆ ಇಲಾಖೆ ಮೊದಲೇ ಅಂಕಿ ಹೇಳುತ್ತದೆ, ಎಷ್ಟು ಹೆಚ್ಚುಕಡಿಮೆಯಾಗಬಹುದೆಂದೂ ಹೇಳುತ್ತದೆ, ಕೊನೆಗೆ ಬಿದ್ದ ಮಳೆಯನ್ನೂ ಅಳೆದು ಹೇಳುತ್ತದೆ. ಪಂಚಾಂಗದ ಕೊಳಗವನ್ನು ದೀಪಾವಳಿಯ ಹೊತ್ತಿಗೆ ಮತ್ತೆ ಅಳೆದವರಿಲ್ಲ.

ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ನೆಲೆಗೊಂಡ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಮಹಿಳೆಯರು ಈ ಪ್ರಶ್ನೆಯನ್ನು ಬೇರೆ ದಾರಿಯಿಂದ ಎದುರಿಸಿದ್ದಾರೆ. ಸಣ್ಣ ಹೊಲದಲ್ಲಿಯೇ ಜೋಳ, ತೊಗರಿ, ನವಣೆ, ಹೆಸರು, ಉದ್ದು, ಎಳ್ಳು ಮುಂತಾದ ಹತ್ತಾರು ಬೆಳೆಗಳನ್ನು ಕೂಡಿಸಿ ಬಿತ್ತುತ್ತಾರೆ. ಮಳೆ ಬೇಗ ನಿಂತರೆ ಒಂದು ಉಳಿಯುತ್ತದೆ, ತಡವಾಗಿ ಬಂದರೆ ಇನ್ನೊಂದು. ಮಳೆ ಹೇಗೆ ಬರುವುದೆಂದು ತಿಳಿಯದು ಎಂಬ ಮಾತನ್ನೇ ಅಡಿಪಾಯ ಮಾಡಿಕೊಂಡ ಬೇಸಾಯವಿದು.

ಇನ್ನು ಈ ಸೀಮೆಯ ಕನ್ನಡ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಭವಿಷ್ಯವಾಣಿ ಯಾವ ಮಠದ್ದೂ ಅಲ್ಲ, ಯಾವ ಗ್ರಂಥದ್ದೂ ಅಲ್ಲ: ‘ಇನ್ನು ಹತ್ತು ವರ್ಷದಲ್ಲಿ ಇಲ್ಲಿ ಕನ್ನಡ ಶಾಲೆ ಇರುವುದಿಲ್ಲ.’ 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ, ನ್ಯಾಲಕಲ್ ಸರ್ಕಲ್, ಕಲಬುರಗಿ ಜಿಲ್ಲೆಯಿಂದ ತಾಂಡೂರು ತಾಲೂಕು ಆಂಧ್ರಕ್ಕೆ ಸೇರಿದವು. 2014ರಲ್ಲಿ ರಾಜ್ಯದ ಹೆಸರು ತೆಲಂಗಾಣವಾಯಿತು. 2016ರಲ್ಲಿ ಸಂಗಾರೆಡ್ಡಿ, ವಿಕಾರಾಬಾದ್ ಎಂದು ಜಿಲ್ಲೆಗಳೂ ಬದಲಾದವು. ಕನ್ನಡದಲ್ಲಿ ಓದುವ ಮಕ್ಕಳು ಮಾತ್ರ ಇನ್ನೂ ಇದ್ದಾರೆ.

ಈ ಮಾತಿಗೂ ಗ್ರಹಣದ ಮಾತಿಗೂ ಒಂದು ದೊಡ್ಡ ಅಂತರವಿದೆ. ನಿನೆವೆ ಪಟ್ಟಣ ನಲವತ್ತು ದಿನಗಳಲ್ಲಿ ನಾಶವಾಗುವುದೆಂದು ಯೋನ ಸಾರಿದ. ಜನ ಕೇಳಿ ನಡೆ ತಿದ್ದಿಕೊಂಡರು. ಪಟ್ಟಣ ಉಳಿಯಿತು, ಮಾತು ಸುಳ್ಳಾಯಿತೆಂದು ಯೋನನಿಗೆ ಸಿಟ್ಟು ಬಂತು. ಕೇಳಿದವರಿಂದಲೇ ಸುಳ್ಳಾದ ಭವಿಷ್ಯವದು. ಕನ್ನಡ ಶಾಲೆಯ ಭವಿಷ್ಯ ಕೇಳಿದವರಿಂದಲೇ ನಿಜವಾಗುವ ಬಗೆಯದು. ಶಾಲೆ ಮುಚ್ಚುವುದೆಂದು ಒಬ್ಬ ತಂದೆ ನಂಬಿ ಮಗುವನ್ನು ಬೇರೆಡೆ ಸೇರಿಸುತ್ತಾನೆ. ತರಗತಿಯಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ. ಅದನ್ನು ನೋಡಿ ನೆರೆಮನೆಯವನು ನಂಬುತ್ತಾನೆ. ಮಕ್ಕಳಿಲ್ಲವೆಂದು ಖಾಲಿ ಶಿಕ್ಷಕ ಹುದ್ದೆ ತುಂಬುವುದಿಲ್ಲ. ಹುದ್ದೆ ಖಾಲಿಯೆಂದು ಮತ್ತೆ ಮಕ್ಕಳು ಹೋಗುತ್ತಾರೆ. ಹೇಳಿದವನು ಕೊನೆಗೆ ‘ನಾನು ಮೊದಲೇ ಹೇಳಿರಲಿಲ್ಲವೇ’ ಎನ್ನುತ್ತಾನೆ. ಇಂಗ್ಲಿಷ್ ಬೇಕೆಂಬ ತಂದೆತಾಯಿಯರ ಆಸೆ ನ್ಯಾಯವಾದದ್ದೇ, ಮುಂದಿನ ಉದ್ಯೋಗದ ಚಿಂತೆಯೂ ನಿಜವೇ. ಅದನ್ನು ಲೆಕ್ಕ ಹಾಕಿ ನಿರ್ಧರಿಸುವ ಕುಟುಂಬವನ್ನು ಯಾರೂ ದೂರಬಾರದು. ಆದರೆ ಲೆಕ್ಕ ಬೇರೆ, ಕಾಲಜ್ಞಾನ ಬೇರೆ. ಶಾಲೆಯಲ್ಲಿ ಎಷ್ಟು ಶಿಕ್ಷಕರಿದ್ದಾರೆ, ಯಾವ ವಿಷಯಕ್ಕೆ ಇಲ್ಲ, ಪಠ್ಯಪುಸ್ತಕ ಯಾವಾಗ ಕೈಸೇರಿತು, ಕಳೆದ ವರ್ಷ ಹತ್ತನೆಯ ತರಗತಿಯಲ್ಲಿ ಎಷ್ಟು ಮಂದಿ ತೇರ್ಗಡೆಯಾದರು, ಅವರು ಮುಂದೆ ಎಲ್ಲಿ ಓದುತ್ತಿದ್ದಾರೆ ಎಂಬುದನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕೂತು ಕೇಳಿ ತಿಳಿಯಬಹುದು. ದಾಖಲಾತಿ ನಡೆಯುವುದು ಜೂನ್ ತಿಂಗಳಲ್ಲಿ, ಮೃಗಶಿರಾ ಮಳೆಗೆ ಬೀಜ ಹೊರತೆಗೆಯುವ ಅದೇ ದಿನಗಳಲ್ಲಿ.