ಡಬ್ಬಿ ಮೇಲಿನ ನಂಬರ್ ಓದೋದನ್ನೂ ಕಲಿಸೋಣ



ರಾಯದುರ್ಗದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ಹೋದ ತಿಂಗಳು ಫೋನ್ ಮಾಡಿದ್ದ. "ಸಾರ್, ಬೆಂಗಳೂರು ಕಡೆಯ ಹಳೇ ಡಾಲ್ಫಿನ್ ಕಾರೊಂದು ಬಂದೈತೆ. ಓನರ್ರು 90 ನಂಬರ್ ಗೇರ್ ಆಯಿಲ್ ಹಾಕು, ದಪ್ಪ ಇರ್ತದೆ ಅಂತಾರೆ. ಅವರ ಮಗ 0ಡಬ್ಲ್ಯೂ-20 ಡಬ್ಬಿ ತಂದವ್ನೆ, ಅದಕ್ಕೇ ರೇಟ್ ಜಾಸ್ತಿಯಂತೆ. ಯಾವುದು ಹಾಕ್ಲಿ ಸಾರ್?"

ಡಾಲ್ಫಿನ್ ಬಗ್ಗೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ತಂದ ಪುಟ್ಟ ಕಾರು ಅದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ, ಫೈಬರ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ತೂಕ ಕಡಿಮೆ, ಹಾಗಾಗಿ ಒಳ್ಳೆ ಪಿಕಪ್. ರ್‍ಯಾಲಿಗಳಲ್ಲೂ ಓಡಿ ಹೆಸರು ಮಾಡಿದ ಗಾಡಿ. ಅಂಥ ಎಂಜಿನ್ ಈಗ ಕೆಟ್ಟರೆ ಬಿಡಿಭಾಗ ಹುಡುಕೋದೇ ಕಷ್ಟ. ಒಂದು ಡಬ್ಬಿ ಎಣ್ಣೆಯ ತಪ್ಪು ಅಲ್ಲಿ ಸಣ್ಣ ತಪ್ಪಲ್ಲ.

ನಾನು "ಎರಡೂ ಬೇಡ" ಅಂದೆ. ಆದರೆ ಫೋನ್ ಇಟ್ಟ ಮೇಲೆ ಮನಸ್ಸಿಗೆ ಕಸಿವಿಸಿಯಾಯಿತು. ಆ ಹುಡುಗನಿಗೆ ಎಂಟನೇ ತರಗತಿಯಲ್ಲಿ ಘರ್ಷಣೆಯ ಪಾಠ ಮಾಡಿದವನು ನಾನೇ. "ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆಯಾಗುತ್ತದೆ" ಅಂತ ಹೇಳಿ, ಬರೆಸಿ, ಮುಂದಿನ ಪಾಠಕ್ಕೆ ಹೋಗಿದ್ದೆ. ಯಾವ ಎಣ್ಣೆ, ಯಾಕೆ ಅನ್ನೋದನ್ನು ಹೇಳಿರಲೇ ಇಲ್ಲ. ನಿಮ್ಮಲ್ಲಿ ಎಷ್ಟು ಜನ ಹೇಳಿದ್ದೀರಿ?

ಮೊದಲು ಆ ನಂಬರಿನ ವಿಷಯ. 20ಡಬ್ಲ್ಯೂ-50 ಎಂಬಲ್ಲಿ ಡಬ್ಲ್ಯೂ ಎಂದರೆ ವಿಂಟರ್, ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಎಣ್ಣೆ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದನ್ನು ಹೇಳುತ್ತದೆ. ಮುಂದಿನ ಅಂಕಿ ಬಿಸಿ ಎಂಜಿನ್ನಿನ ಲೆಕ್ಕ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ನೇ ಗ್ರೇಡಿನ ಸ್ನಿಗ್ಧತೆ 6.9ರಿಂದ 9.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು, 50ನೇ ಗ್ರೇಡಿನದು 16.3ರಿಂದ 21.9ರ ಒಳಗೆ. ಅಂದರೆ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

0ಡಬ್ಲ್ಯೂ ಎಣ್ಣೆಯನ್ನು ಮೈನಸ್ 35 ಡಿಗ್ರಿ ಚಳಿಯಲ್ಲಿ ಪರೀಕ್ಷಿಸುತ್ತಾರೆ. ನಮ್ಮ ರಾಯದುರ್ಗ, ಮಡಕಶಿರಕ್ಕೆ ಅಂಥ ಚಳಿ ಯಾವ ಜನ್ಮಕ್ಕೂ ಬರೋದಿಲ್ಲ. ಇನ್ನು ಅದರ ಮುಂದಿನ 20, ಬಿಡಿಭಾಗಗಳ ನಡುವೆ ಕೂದಲೆಳೆಯಷ್ಟೂ ಸಂದಿಲ್ಲದ ಹೊಸ ಎಂಜಿನ್‌ಗಳಿಗಾಗಿ ಮಾಡಿದ್ದು. ಸವೆದ ಹಳೇ ಎಂಜಿನ್ನಿನಲ್ಲಿ ಸಂದು ಜಾಸ್ತಿ. ತೆಳ್ಳನೆ ಎಣ್ಣೆ ಅಲ್ಲಿಂದ ಜಾರಿಹೋಗುತ್ತದೆ, ಒತ್ತಡ ಬೀಳುತ್ತದೆ, ಲೋಹ ಲೋಹಕ್ಕೆ ತಾಗುತ್ತದೆ.

ಹಾಗಾದರೆ ಓನರ್ ಹೇಳಿದ 90 ಸರಿಯೇ? ಇಲ್ಲೇ ನಮ್ಮ ಜನ ಎಡವೋದು. ಗೇರ್ ಆಯಿಲ್‌ನ ಅಳತೆಪಟ್ಟಿಯೇ ಬೇರೆ. ಅದರ 90 ದಪ್ಪದಲ್ಲಿ ಎಂಜಿನ್ ಆಯಿಲ್‌ನ 40, 50ಕ್ಕೆ ಹತ್ತಿರದ್ದೇ. ಅಂದರೆ 90 ಎಂದ ಮಾತ್ರಕ್ಕೆ ಅದು 50ಕ್ಕಿಂತ ದಪ್ಪ ಅಂತ ಲೆಕ್ಕ ಹಾಕುವಂತಿಲ್ಲ. ಅಡಿ ಮತ್ತು ಮೀಟರನ್ನು ಹೋಲಿಸಿದ ಹಾಗೆ ಅದು. ಮೇಲಾಗಿ ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳು ಎಂಜಿನ್ ಆಯಿಲ್‌ನಲ್ಲಿ ಇರುತ್ತವೆ. ಗೇರ್ ಆಯಿಲ್‌ಗೆ ಆ ಕೆಲಸ ಗೊತ್ತಿಲ್ಲ.

"ನಮ್ಮದು ಬಿಸಿಲ ನಾಡು, ದಪ್ಪ ಎಣ್ಣೆಯೇ ಬೇಕು" ಅನ್ನೋ ವಾದವೂ ಪೂರ್ತಿ ನಿಲ್ಲೋದಿಲ್ಲ. ಹೊರಗೆ 20 ಇರಲಿ 40 ಇರಲಿ, ಓಡುವ ಎಂಜಿನ್ನಿನ ಎಣ್ಣೆ 100 ಡಿಗ್ರಿಯ ಆಸುಪಾಸಿಗೆ ಕಾದೇ ಕಾಯುತ್ತದೆ. ಎಣ್ಣೆ ಆರಿಸುವಾಗ ನೋಡಬೇಕಾದ್ದು ಊರಿನ ಬಿಸಿಲಿಗಿಂತ ಎಂಜಿನ್ನಿನ ವಿನ್ಯಾಸ ಮತ್ತು ವಯಸ್ಸು. ಬೇಕಿದ್ದಕ್ಕಿಂತ ದಪ್ಪನೆ ಎಣ್ಣೆ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ಸವೆತ ಹೆಚ್ಚಾಗೋದು ಆ ಗಳಿಗೆಯಲ್ಲೇ.

ಇನ್ನೊಂದು ಮಾತಿದೆ, ಅದನ್ನು ಡಬ್ಬಿಯ ಮುಂಭಾಗದಲ್ಲಿ ಬರೆದಿರೋದಿಲ್ಲ. ಹಳೇ ಎಂಜಿನ್‌ಗಳಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್ ನೇರವಾಗಿ ಉಜ್ಜಿಕೊಳ್ಳುತ್ತವೆ. ಅಲ್ಲಿ ಎಣ್ಣೆಯ ಪದರ ಮಾತ್ರ ಸಾಲದು, ಸತು ಮತ್ತು ರಂಜಕ ಸೇರಿದ ಸಂಯುಕ್ತವೊಂದು ಲೋಹದ ಮೇಲೆ ರಕ್ಷಣೆಯ ಲೇಪ ಕಟ್ಟಬೇಕು. ಹೊಸ ಕಾರುಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ರಂಜಕ ಆಗಿಬರೋದಿಲ್ಲ. ಹಾಗಾಗಿ ಇತ್ತೀಚಿನ ತೆಳು ಎಣ್ಣೆಗಳಲ್ಲಿ ಅದನ್ನು ಶೇ. 0.08ಕ್ಕೆ ಮಿತಿಗೊಳಿಸಿದ್ದಾರೆ. ಹೊಸ ಕಾರಿಗೆ ಒಳ್ಳೆಯದಾದ ದುಬಾರಿ ಎಣ್ಣೆ ಹಳೇ ಕಾರಿಗೆ ಒಳ್ಳೆಯದಾಗಲೇಬೇಕು ಅಂತೇನಿಲ್ಲ.

ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು: ಕಾರಿನ ಕೈಪಿಡಿ ಸಿಕ್ಕರೆ ಅದರ ಮಾತೇ ಮೊದಲು. ಸಿಗದಿದ್ದರೆ ಆ ಕಾಲದ ಬ್ರಿಟಿಷ್ ಎಂಜಿನ್‌ಗಳಿಗೆ ರೂಢಿಯಲ್ಲಿದ್ದ 20ಡಬ್ಲ್ಯೂ-50 ಮಿನರಲ್ ಆಯಿಲ್ ಹಾಕು. ಸತು ಎಷ್ಟಿದೆ ಅಂತ ಎಣ್ಣೆ ಕಂಪನಿಯ ಮಾಹಿತಿ ಪತ್ರದಲ್ಲಿ ನೋಡಿಕೋ. ಗಾಡಿ ನಿಂತಲ್ಲೇ ನಿಂತಿದ್ದರೆ ಕಿಲೋಮೀಟರ್ ಲೆಕ್ಕ ಬೇಡ, ವರ್ಷಕ್ಕೊಮ್ಮೆ ಬದಲಿಸು. ನಿಂತ ಗಾಡಿಯ ಎಣ್ಣೆಯಲ್ಲಿ ತೇವ ಸೇರುತ್ತದೆ.

ಈಗ ನಮ್ಮ ತರಗತಿಗೆ ಬನ್ನಿ. ಇದನ್ನು ತೋರಿಸಲು ಲ್ಯಾಬ್ ಬೇಡ, ನಮ್ಮ ಹೊಲದ ಬೆಳೆಯೇ ಸಾಕು. ಒಂದು ಪ್ರನಾಳಕ್ಕೆ ಕಡಲೆಕಾಯಿ ಎಣ್ಣೆ, ಇನ್ನೊಂದಕ್ಕೆ ಹರಳೆಣ್ಣೆ, ಮತ್ತೊಂದಕ್ಕೆ ಎಂಜಿನ್ ಆಯಿಲ್ ತುಂಬಿ, ಮೇಲೆ ಸ್ವಲ್ಪ ಗಾಳಿ ಬಿಟ್ಟು ಬಿಗಿಯಾಗಿ ಬಿರಡೆ ಹಾಕಿ. ತಲೆಕೆಳಗು ಮಾಡಿ, ಗುಳ್ಳೆ ಮೇಲೇರುವ ಸಮಯ ಎಣಿಸಲು ಮಕ್ಕಳಿಗೇ ಹೇಳಿ. ಆಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿ, ಮತ್ತೆ ಎಣಿಸಿ. ಹರಳೆಣ್ಣೆಯ ಗುಳ್ಳೆ ಮೊದಲ ಸಲ ಆಮೆ, ಎರಡನೇ ಸಲ ಮೊಲ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳಿಗೆ ಹಾಕುತ್ತಿದ್ದದ್ದು ಇದೇ ಹರಳೆಣ್ಣೆ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಇದನ್ನು ಹೇಳಿ ನೋಡಿ, ಮಕ್ಕಳ ಕಣ್ಣು ಅರಳುತ್ತೆ.

ನಮ್ಮ ಗಡಿನಾಡ ಕನ್ನಡ ಶಾಲೆಗಳಿಂದ ಹೊರಟ ಎಷ್ಟೋ ಮಕ್ಕಳು ಗ್ಯಾರೇಜು, ಟ್ರ್ಯಾಕ್ಟರ್ ಶೆಡ್ಡು, ಬೋರ್‌ವೆಲ್ ಲಾರಿಗಳಿಗೆ ಸೇರುತ್ತಾರೆ. ಅವರ ಕೈಗೆ ಬರುವ ಡಬ್ಬಿಯ ಮೇಲೆ ಇರೋದು ಬರೀ ಇಂಗ್ಲಿಷ್ ಅಕ್ಷರ, ಅಂಕಿ. ಅದರ ಅರ್ಥ ಕನ್ನಡದಲ್ಲಿ ತಿಳಿದ ಹುಡುಗ "ದಪ್ಪ ಹಾಕು", "ದುಬಾರಿದು ಹಾಕು" ಅನ್ನುವವರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಈ ವರ್ಷ ಘರ್ಷಣೆಯ ಪಾಠಕ್ಕೆ ಹೋಗುವಾಗ ಒಂದು ಖಾಲಿ ಆಯಿಲ್ ಡಬ್ಬಿ ಕೈಯಲ್ಲಿ ಹಿಡಿದು ಹೋಗಿ. ನಾನಂತೂ ಹಿಡಿದೇ ಹೋಗ್ತೀನಿ.