ಶ್ವಾಸಕೋಶದ ಕ್ಯಾನ್ಸರ್: ಪ್ರೋಟಾನ್ ಚಿಕಿತ್ಸೆಗಾಗಿ ಕಾಯುವುದು ಸಲ್ಲದು

ಶ್ರೀಮಠದ ಸದ್ಭಕ್ತರಲ್ಲಿ ಒಂದು ಅರಿಕೆ. ಶ್ವಾಸಕೋಶದ ಕ್ಯಾನ್ಸರಿಗೆ ಪ್ರೋಟಾನ್ ಚಿಕಿತ್ಸೆ ಕೊಡಿಸಲು ಗದ್ದೆ ಮಾರಬೇಕೇ ಎಂದು ಸಿರುಗುಪ್ಪ, ಕುರುಗೋಡು ಕಡೆಯ ಬಂಧುಗಳು ಬಳ್ಳಾರಿಯ ನಮ್ಮ ಚಿಕಿತ್ಸಾಲಯಕ್ಕೆ ಬಂದು ಕೇಳುತ್ತಾರೆ. ಆತುರಪಡಬಾರದೆಂಬುದೇ ನಮ್ಮ ಅಭಿಪ್ರಾಯ.

ಸಾಮಾನ್ಯ ಎಕ್ಸ್-ರೇ ವಿಕಿರಣವು ಗೆಡ್ಡೆಯನ್ನು ದಾಟಿ ಮುಂದಕ್ಕೂ ಸಾಗುತ್ತದೆ. ಪ್ರೋಟಾನ್ ಕಣಗಳಾದರೋ ನಿಗದಿತ ಆಳದಲ್ಲಿ ತಮ್ಮ ಶಕ್ತಿಯ ಬಹುಭಾಗವನ್ನು ಬಿಟ್ಟು ಅಲ್ಲಿಯೇ ನಿಲ್ಲುತ್ತವೆ. ಇದರಿಂದ ಹೃದಯ, ಬೆನ್ನುಹುರಿಗಳಿಗೆ ತಗಲುವ ವಿಕಿರಣವನ್ನು ತಗ್ಗಿಸಬಹುದು. ಆದರೆ ಶ್ವಾಸಕೋಶವು ಉಸಿರಿನೊಡನೆ ಚಲಿಸುವ ಅಂಗ. ಗುರಿ ಕದಲಿದರೆ ಈ ಲಾಭವೂ ಕುಗ್ಗುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎರಡೂ ವಿಧಾನಗಳನ್ನು ಹೋಲಿಸಿದಾಗ, ಶ್ವಾಸಕೋಶದ ಉರಿಯೂತವನ್ನು ತಡೆಯುವುದರಲ್ಲಾಗಲಿ ರೋಗ ಮರುಕಳಿಸದಂತೆ ನೋಡಿಕೊಳ್ಳುವುದರಲ್ಲಾಗಲಿ ಪ್ರೋಟಾನ್ ಮೇಲೆಂದು ಸಿದ್ಧವಾಗಲಿಲ್ಲ.

ಚೆನ್ನೈನ ಅಪೋಲೊ ಕೇಂದ್ರದಲ್ಲಿ 2019ರಿಂದ ಈ ಚಿಕಿತ್ಸೆ ಲಭ್ಯವಿದೆ. ವೆಚ್ಚ ಹಲವು ಲಕ್ಷ. ಹಿಂದೆ ಎದೆಗೆ ವಿಕಿರಣ ಪಡೆದವರಂಥ ಕೆಲವರಿಗೆ ತಜ್ಞರು ಇದನ್ನು ಸೂಚಿಸಬಹುದು. ಉಳಿದವರು ಹಣ ಹೊಂದಿಸಲು ತಿಂಗಳುಗಟ್ಟಲೆ ಕಾಯದೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕಡೆ ದೊರೆಯುವ ಸಾಮಾನ್ಯ ವಿಕಿರಣವನ್ನು ಸಕಾಲದಲ್ಲಿ ಆರಂಭಿಸುವುದೇ ಲೇಸು.

ನಾವು ಆಯುರ್ವೇದ ವೈದ್ಯರಾದರೂ ಕಷಾಯದಿಂದ ಈ ಗೆಡ್ಡೆ ಕರಗುವುದೆಂದು ಹೇಳಲಾರೆವು. ಚಿಕಿತ್ಸೆಯ ಅವಧಿಯಲ್ಲಿ ತಜ್ಞರಿಗೆ ತಿಳಿಸದೆ ಯಾವ ಮೂಲಿಕೆಯನ್ನೂ ಸೇವಿಸಬಾರದು. ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ ಕಂಡುಬಂದರೆ ನಮ್ಮಂಥವರಲ್ಲಿ ಔಷಧಿ ಕೇಳುತ್ತ ಕಾಲ ಕಳೆಯದೆ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೀಡಿ, ಸಿಗರೇಟು ಸೇದುವವರು ಇಂದೇ ತ್ಯಜಿಸಬೇಕೆಂದು ವಿನಂತಿಸುತ್ತೇವೆ.