ಕಿಟ್ಟೆಲರ ಸ್ತುತಿಯೂ ಹಕ್ಕ ಜನರ ನುಡಿಯೂ

ಕನ್ನಡದ ಮಾಧುರ್ಯಕ್ಕೆ ಮನಸೋತು ಕಿಟ್ಟೆಲ್ ಸಾಹೇಬರು ನಿಘಂಟನ್ನು ರಚಿಸಿದರೆಂಬ ಮಾತನ್ನು ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. 1894ರಲ್ಲಿ ಪ್ರಕಟವಾದ ಆ ಮಹಾಗ್ರಂಥಕ್ಕೆ ಕನ್ನಡಿಗರು ಎಷ್ಟು ಕೃತಜ್ಞರಾದರೂ ಸಾಲದು. ಆದರೆ ಈ ಬಗೆಯ ಸ್ತುತಿಯಲ್ಲಿ ನಾವು ಹೊಗಳುವುದು ಅವರನ್ನಲ್ಲ, ನಮ್ಮನ್ನೇ ಎಂಬುದನ್ನು ವಾಚಕರು ಗಮನಿಸಬೇಕು.

ಕಿಟ್ಟೆಲರನ್ನು 1853ರಲ್ಲಿ ಇತ್ತ ಕಳುಹಿದ ಬಾಸೆಲ್ ಮಿಶನ್ನೇ ಅದಕ್ಕೆ ಆರು ವರ್ಷ ಮೊದಲು ಹ್ಯಾಂಬರ್ಗ್, ಲೆಖ್ಲರ್ ಎಂಬಿಬ್ಬರನ್ನು ಚೀನಕ್ಕೆ ಕಳುಹಿತ್ತು. ಅವರ ದುಡಿಮೆಯು ಬಹುಬೇಗ ಹಕ್ಕ ಜನರ ನಡುವೆ ನೆಲೆಗೊಂಡಿತು. ಆ ಹೆಸರಿಗೆ ಅತಿಥಿಗಳೆಂದು ಅರ್ಥ. ಬಡಗಣಿಂದ ವಲಸೆ ಬಂದು ತಲೆಮಾರುಗಳು ಕಳೆದರೂ ನೆರೆಯವರು ಅವರನ್ನು ಹೊರಗಿನವರೆಂದೇ ಎಣಿಸುತ್ತಿದ್ದರು. ಪಂಡಿತರ ಗ್ರಂಥಭಾಷೆಗಿದ್ದ ಮರ್ಯಾದೆ ಅವರ ಮನೆಮಾತಿಗೆ ಇರಲಿಲ್ಲ. ಹ್ಯಾಂಬರ್ಗರು ಆ ಮಾತಿಗೊಂದು ನಿಘಂಟನ್ನು ಆರಂಭಿಸಿ 1854ರಲ್ಲಿ ತೀರಿಹೋದರು. ಲೆಖ್ಲರರು ಮತ್ತಾಯನ ಸುವಾರ್ತೆಯನ್ನು 1860ರಲ್ಲಿ ರೋಮನ್ ಲಿಪಿಯ ಹಕ್ಕ ನುಡಿಯಲ್ಲಿ ಅಚ್ಚು ಹಾಕಿಸಿ, ಅರ್ಧ ಶತಮಾನ ಆ ಜನರಿಗಾಗಿ ದುಡಿದರು. ಮರುಳುಗೊಳಿಸಲಿಕ್ಕೆ ಆ ಮನೆಮಾತಿನಲ್ಲಿ ಯಾವ ಪಂಪನಿದ್ದನು, ಯಾವ ಕೇಶಿರಾಜನಿದ್ದನು?

ಇದೆಲ್ಲವೂ ಮತಾಂತರದ ಗಾಳಕ್ಕೆ ಸಿಕ್ಕಿಸಿದ ಎರೆಯೆಂಬುದು ಮತ್ತೊಂದು ಪಕ್ಷ. ಮತಪ್ರಚಾರವೇ ಉದ್ದೇಶವೆಂಬುದನ್ನು ಅವರೇನೂ ಮುಚ್ಚಿಟ್ಟಿರಲಿಲ್ಲ. ಚೀನದ ಬಾಗಿಲು 1842ರಲ್ಲಿ ತೆರೆದುದಾದರೂ ಅಫೀಮು ಯುದ್ಧದ ಫಿರಂಗಿಗಳಿಂದ. ಆ ಕಳಂಕವನ್ನು ತೊಳೆಯುವುದು ನನ್ನ ಕೆಲಸವಲ್ಲ. ಆದರೆ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ಯಾವ ಮತವನ್ನೂ ಸಾರದೆ 1938ರಲ್ಲಿ ಚೀನಕ್ಕೆ ಹೋಗಿ, ಆ ಭಾಷೆಯನ್ನು ಕಲಿತು, ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ಮಡಿದರಷ್ಟೆ. ಮತದ ಹಂಬಲವಿಲ್ಲದವರಿಗೂ ಈ ದಾರಿ ತೆರೆದಿದೆಯೆಂದಾಯಿತು. ನಾವೇಕೆ ಅದರಲ್ಲಿ ಕಾಲಿಡಲಿಲ್ಲ?

ಅದಕ್ಕಾಗಿ ಚೀನಕ್ಕೆ ಹೋಗಬೇಕಾಗಿಯೂ ಇಲ್ಲ. ಶಿಕಾರಿಪುರ, ಸೊರಬಗಳ ಸೀಮೆಯಲ್ಲಿಯೇ ಲಂಬಾಣಿ ತಾಂಡಗಳಿವೆ. ಅವರೂ ಬಡಗಣಿಂದ ಬಂದವರೇ. ಅವರ ಮಾತಿಗೂ ಸ್ವಂತ ಲಿಪಿಯಿಲ್ಲ. ಕುಪ್ಪಗಡ್ಡೆಯ ಜಗಲಿಯಲ್ಲಿ ಕುಳಿತು ಕಿಟ್ಟೆಲರನ್ನು ಕೊಂಡಾಡುವ ನಮ್ಮಲ್ಲಿ ಆ ಮಾತಿನಲ್ಲಿ ಒಂದು ಲೋಟ ನೀರು ಕೇಳಬಲ್ಲವರು ಎಷ್ಟು ಮಂದಿ? ತಾಂಡದ ಕೂಸು ಶಾಲೆಯ ಮೆಟ್ಟಿಲೇರಿದ ದಿನವೇ ಅದಕ್ಕೆ ಕನ್ನಡ ಬಾರದೆಂದು ಗದರುತ್ತೇವೆ. ಅದಕ್ಕೆ ಬರುವ ಮಾತು ನಮಗೆ ಬಾರದೆಂಬುದು ಮಾತ್ರ ನೆನಪಾಗದು. ಅದು ಭಾಷೆಯೇ ಅಲ್ಲ, ಬರಿಯ ಆಡುಮಾತೆಂದು ತೀರ್ಪಿತ್ತು ಕೈ ತೊಳೆದುಕೊಳ್ಳುವ ವಿದ್ವಾಂಸರಿಗಂತೂ ಕಿಟ್ಟೆಲರ ಹೆಸರೆತ್ತುವ ಅಧಿಕಾರವೇ ಇಲ್ಲ.

ಬರುವ ವರ್ಷ ಅವರ ಚಿತ್ರಕ್ಕೆ ಹಾರ ತರುವವರು, ತಾಂಡದ ಮುದುಕಿಯೊಬ್ಬಳಿಂದ ಕೇಳಿ ಬರೆದುಕೊಂಡ ನೂರು ಶಬ್ದಗಳನ್ನೂ ಅರ್ಥಸಹಿತವಾಗಿ ತರಲಿ. ಈ ಪತ್ರಿಕೆಯಲ್ಲಿ ಅವಕ್ಕೆ ಸ್ಥಳವನ್ನು ಕೇಳಿ ಪಡೆಯುವ ಹೊಣೆ ನನ್ನದು.